ನಮ್ಮ ದೇವರಿಗೆ ನಾಸಾದ ಸರ್ಟಿಫಿಕೇಟು ಯಾಕೆ ಬೇಕು?

ಗವಿಪುರದ_ರಾಘು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ಎರಡು ವಾರದಿಂದ ಮನಸ್ಸಲ್ಲಿ ಕೊರೀತಾ ಇದೆ.

ನಾನು ದಿನಾ ಸಂಧ್ಯಾವಂದನೆ ಮಾಡುವವನು. ಏಕಾದಶಿ ಉಪವಾಸ ತಪ್ಪಿಸಿದವನಲ್ಲ. ಇದನ್ನು ಮೊದಲೇ ಹೇಳೋದು ಯಾಕಂದ್ರೆ, ಮುಂದಿನದ್ದನ್ನು ಓದಿ "ಇವನು ಆ ಕಡೆಯವನು" ಅಂತ ಯಾರೂ ಅಂದ್ಕೋಬಾರದು.

ನಮ್ಮ ಬಂಧುಗಳ ವಾಟ್ಸಾಪ್ ಗ್ರೂಪಿಗೆ ಗಾಯತ್ರಿ ಮಂತ್ರದ ಬಗ್ಗೆ ಒಂದು ಫಾರ್ವರ್ಡ್ ಬಂತು. ಅಮೆರಿಕದ ಯಾರೋ ವಿಜ್ಞಾನಿ ಪ್ರಪಂಚದ ಮಂತ್ರಗಳನ್ನೆಲ್ಲ ಲ್ಯಾಬಿನಲ್ಲಿ ಪರೀಕ್ಷಿಸಿದನಂತೆ. ಗಾಯತ್ರಿಯಿಂದ ಸೆಕೆಂಡಿಗೆ 1,10,000 ಶಬ್ದತರಂಗ ಹೊರಡುತ್ತಂತೆ, ಅದೇ ಎಲ್ಲಕ್ಕಿಂತ ಶಕ್ತಿಯುತ ಅಂತ ಸಾಬೀತಾಯಿತಂತೆ. ನಾನು ಹಿಂದೆಮುಂದೆ ನೋಡದೆ ಇನ್ನೂ ಮೂರು ಗ್ರೂಪಿಗೆ ಕಳಿಸಿದೆ. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಓದಿ ಹೇಳಿದೆ. ಅವಳು ಸೆಕೆಂಡ್ ಪಿಯು, ಸೈನ್ಸ್.

"ಅಪ್ಪಾ, ನಮ್ಮ ಕಿವಿಗೆ ಕೇಳೋದೇ ಸೆಕೆಂಡಿಗೆ 20ರಿಂದ 20,000 ಕಂಪನದವರೆಗೆ. ಒಂದು ಲಕ್ಷದ ಹತ್ತು ಸಾವಿರ ಅಂದ್ರೆ ಬಾವಲಿಗೆ ಕೇಳಿಸಬಹುದು. ನೀನು ಹೇಳೋ ಗಾಯತ್ರಿ ನನಗೆ ಅಡುಗೆಮನೆ ತನಕ ಕೇಳಿಸುತ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಅಷ್ಟು ನೋಯಲಿಲ್ಲ. ಆಮೇಲೆ ಕೈ ತೊಳ್ಕೊಂಡು ಬಂದು ಅವಳು ಮೆಲ್ಲಗೆ ಕೇಳಿದಳು: "ಇದು ಸುಳ್ಳಾದ್ರೆ, ನೀನು ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರಲ್ಲಿ ಇಂಥದ್ದು ಇನ್ನೆಷ್ಟಿದೆ?" ಕೋಪದಿಂದಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದು. ಅದು ನೋಯಿತು.

ನಾನು ತರಂಗ ಎಣಿಸಿ ಗಾಯತ್ರಿಯನ್ನು ನಂಬಿದವನಲ್ಲ. ಉಪನಯನದ ದಿನ ಪಂಚೆಯ ಮರೆಯಲ್ಲಿ ನಮ್ಮ ತಂದೆ ಕಿವಿಯಲ್ಲಿ ಹೇಳಿದರು. ಅವರು ತೀರಿಕೊಂಡ ವರ್ಷ ಬೆಳಿಗ್ಗೆ ಏಳೋದಕ್ಕೂ ಮನಸ್ಸಿಲ್ಲದಿದ್ದಾಗ ಅದೊಂದನ್ನೇ ಹಿಡ್ಕೊಂಡು ದಿನ ದೂಡಿದೆ. ಇದನ್ನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದು ಮಾತ್ರ ಗುರುತು ಪರಿಚಯ ಇಲ್ಲದ ಅಮೆರಿಕದವನ ಮಾತು. ಆ ಮಂತ್ರ ಬೇಡೋದೇ ನಮ್ಮ ಬುದ್ಧಿಯನ್ನು ಪ್ರೇರಿಸು ಅಂತ. ಅದರ ಹೆಸರಲ್ಲೇ ಬುದ್ಧಿ ಉಪಯೋಗಿಸದೆ ಬಟನ್ ಒತ್ತಿದೆನಲ್ಲ ಅಂತ ಸಂಕಟ.

ಕೇಳಬೇಕಾಗಿದ್ದು ಇಷ್ಟು. ಆನ್‌ಲೈನಲ್ಲಿ ಯಾರಾದರೂ ನಿಮ್ಮ ನಂಬಿಕೆಯನ್ನು ಪ್ರಶ್ನೆ ಮಾಡಿದರೆ, ಹೀಯಾಳಿಸಿದರೆ, ನೀವು ಏನಂತ ಉತ್ತರ ಕೊಡ್ತೀರಿ? ಯಾವ ಧರ್ಮದವರಾದರೂ ಸರಿ, ನಂಬದವರಾದರೂ ಸರಿ, ಹೇಳಿ.

---

ಧರ್ಮೋ_ರಕ್ಷತಿ

ರಾಘು ಅವರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮ ದೇವರ ಫೋಟೋಕ್ಕೆ ಅಸಹ್ಯ ಮಾತು ಸೇರಿಸಿ ಮೀಮ್ ಮಾಡ್ತಾರೆ. ನಮ್ಮ ಅಮ್ಮಂದಿರು ಮಾಡೋ ವ್ರತವನ್ನು ಆಡ್ಕೋತಾರೆ. ಕಾಲೇಜಲ್ಲಿ ನಾನು ಹಣೆಗೆ ಕುಂಕುಮ ಇಟ್ಕೊಂಡು ಹೋದಾಗ ಮೂರು ವರ್ಷ ಅನುಭವಿಸಿದ್ದೀನಿ. ಆ ವಯಸ್ಸಿನಲ್ಲಿ ನನ್ನ ಕೈಗೆ ಸಿಕ್ಕ ಕಲ್ಲು ಇಂಥ ಫಾರ್ವರ್ಡುಗಳೇ. "ನಿಮ್ಮದು ಮೂಢನಂಬಿಕೆ" ಅಂದವರಿಗೆ "ಇಲ್ಲ, ವಿಜ್ಞಾನವೇ ಒಪ್ಪಿದೆ" ಅಂದಾಗ ಒಂದು ಕ್ಷಣವಾದರೂ ತಲೆ ಎತ್ತಿ ನಿಲ್ಲಬಹುದಿತ್ತು. ಅದರಲ್ಲಿ ಎಲ್ಲವೂ ಸರಿ ಇರಲಿಲ್ಲ, ಗೊತ್ತು. ಆದರೆ ಆಗ ನನ್ನ ಪರವಾಗಿ ಮಾತಾಡಿದ್ದು ಅದು ಮಾತ್ರ.

---

ಧಾರವಾಡದ_ಮಾಸ್ತರ

ರಕ್ಷತಿ ಅವರ ಮಾತು ತಳ್ಳಿಹಾಕೂದಲ್ರಿ. ಹುಡುಗರಿಗೆ ಅವಮಾನ ಆದಾಗ ಕೈಗೆ ಸಿಕ್ಕಿದ್ದು ಹಿಡೀತಾರ.

ನಾ ಹೈಸ್ಕೂಲಿನ್ಯಾಗ 34 ವರ್ಷ ವಿಜ್ಞಾನ ಕಲಿಸೀನಿ. ಇಷ್ಟಲಿಂಗ ಪೂಜಾ ಮಾಡಿಕೊಳ್ಳದ ಚಹಾ ಸುದ್ದಾ ಮುಟ್ಟೂದಿಲ್ಲ. ಎರಡೂ ಒಂದ ಮನ್ಯಾಗ ಇದ್ದಾವ, ಜಗಳ ಆಡಿಲ್ಲ.

1995ರ ಸೆಪ್ಟೆಂಬರ್ 21, ಗುರುವಾರ. ಗಣಪತಿ ಹಾಲು ಕುಡದ ದಿನ. ಆವಾಗ ವಾಟ್ಸಾಪ್ ಎಲ್ಲಿಂದ ಬರಬೇಕು? ಬರೀ ಎಸ್‌ಟಿಡಿ ಬೂತು. ಆದರೂ ಮಧ್ಯಾಹ್ನದೊಳಗ ದಿಲ್ಲಿಯಿಂದ ನಮ್ಮೂರ ಓಣಿ ತನಕಾ ಸುದ್ದಿ ಹಬ್ಬಿತ್ತು, ಪರದೇಶದ ಗುಡಿಗಳೊಳಗೂ ಹಾಲು ಕುಡಸಾಕ ಪಾಳಿ ಹಚ್ಚಿದ್ರು. ಹುಡುಗರು ಸಾಲಿ ಬಿಟ್ಟು ಓಡಿ ಹೋಗಿ ಬಂದು, "ಸರ್, ಖರೇನ ಕುಡೀತು, ನಾವ ಕಣ್ಣಾರೆ ನೋಡಿದ್ವಿ" ಅಂದ್ರು. ನಾ ಸುಳ್ಳ ಅನ್ನಲಿಲ್ಲ. ಅವರು ನೋಡಿದ್ದು ಖರೇನ ಇತ್ತು, ಚಮಚಾದಾಗಿನ ಹಾಲು ಕಡಿಮಿ ಆಗತಿತ್ತು.

ಮರುದಿನ ಒಂದ ಕಲ್ಲಿನ ಗಣಪತಿ, ಒಂದ ಇಟ್ಟಂಗಿ, ಒಂದ ಚಮಚಾ ತಂದೆ. ಹಾಲಿಗೆ ಸ್ವಲ್ಪ ಕೆಂಪು ಬಣ್ಣ ಹಾಕಿದೆ. ಚಮಚಾ ತುಂಬಿಸಿ, ವಾರಿ ಮಾಡಿ, ಸೊಂಡಿಲಿಗೆ ತಾಗಿಸಿದ ಕೂಡಲೇ ಹಾಲು ಹೋತು. ಇಟ್ಟಂಗಿಗೂ ಹಂಗ ಹೋತು. ಬಣ್ಣ ಇದ್ದದ್ದಕ್ಕ ಎಲ್ಲಿ ಹೋತು ಅಂತ ಕಂಡಿತು: ಸೊಂಡಿಲ ಗುಂಟ ತೆಳ್ಳಗ ಪದರಾಗಿ ಇಳದು ಕೆಳಗ ನಿಂತಿತ್ತು. ಮೇಲ್ಮೈ ಎಳೆತ ಹಾಲನ್ನ ಚಮಚಾದ ತುದಿಯಿಂದ ಎಳಕೋತದ, ಆಮ್ಯಾಲೆ ಭಾರದ ಮ್ಯಾಲ ಅದು ಕೆಳಗ ಹರೀತದ. ಬಿಳೇ ಹಾಲು, ತೊಯ್ದ ಕಲ್ಲು, ಹಂಗಾಗಿ ಕಣ್ಣಿಗೆ ಕಾಣಸಿರಲಿಲ್ಲ.

ಅವತ್ತ ಸಂಜಿಕೆ ನಮ್ಮ ಓಣಿಯ ಒಬ್ಬ ಮುದುಕಿ ಕೇಳಿದ್ಲು, "ಮಾಸ್ತರ, ನಾ ಕೊಟ್ಟ ಹಾಲು ಅವಂಗ ಮುಟ್ಟಲಿಲ್ಲೇನು?" ನಾ ಅಂದೆ, "ಅಮ್ಮಾ, ನೀ ದಿನಾ ನೈವೇದ್ಯ ಇಡ್ತೀಯಲ್ಲ, ತಾಟಿನ್ಯಾಗಿನ ಅನ್ನ ಒಂದ ಅಗಳ ಕಡಿಮಿ ಆಗ್ತದೇನು? ಆದ್ರೂ ಮುಟ್ಟೇತಿ ಅಂತ ತಿಳಕೊಂಡ ಎತ್ತತೀಯಿಲ್ಲೋ?" ಆಕಿ ನಕ್ಕ ಹ್ವಾದ್ಲು. ಆಕಿ ನಂಬಿಗಿಗೆ ಚಮಚಾ ಖಾಲಿ ಆಗೂ ಅವಶ್ಯಕತಾ ಎಂದೂ ಇರಲಿಲ್ರಿ. ಅದನ್ನ ಹಚ್ಚಿದಾವರು ಫೋನಿನವರು.

---

ಕರಾವಳಿ_ನಜೀರ್

ರಾಘಣ್ಣ, ನಿಮ್ಮ ಮಗಳ ಪ್ರಶ್ನೆ ನಮ್ಮ ಮನೆಗೂ ಬಂದದ್ದುಂಟು. ನಿಮ್ಮಲ್ಲಿ ಗಾಯತ್ರಿ ಆದರೆ ನಮ್ಮಲ್ಲಿ ಆರ್ಮ್‌ಸ್ಟ್ರಾಂಗ್. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಬಾಂಗು ಕೇಳಿದ, ವಾಪಸ್ ಬಂದು ಮುಸ್ಲಿಮನಾದ ಅಂತ. ಸಣ್ಣವನಿರುವಾಗ ಇದನ್ನು ಕೇಳಿ ನನಗೆ ಮೈ ಜುಂ ಎಂದಿತ್ತು. ಆಮೇಲೆ ಗೊತ್ತಾಯಿತು, ಚಂದ್ರನಲ್ಲಿ ಗಾಳಿಯೇ ಇಲ್ಲ ಮಾರಾಯ್ರೆ, ಸದ್ದು ಎಲ್ಲಿಂದ ಬರುವುದು? ಆ ಮನುಷ್ಯ ಬದುಕಿರುವಾಗಲೇ ಅದು ನಿಜವಲ್ಲ ಎಂದು ಹೇಳಿ ಆಗಿತ್ತು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಕಚೇರಿಗಳಿಗೆ ಅದರ ಬಗ್ಗೆ ಸ್ಪಷ್ಟನೆಯನ್ನೇ ಕಳಿಸಿತ್ತು. 40 ವರ್ಷದ ಮೇಲೂ ನಮ್ಮ ಗ್ರೂಪಿಗೆ ಬರುವುದು ನಿಂತಿಲ್ಲ.

ನನಗೆ ಬೇಸರ ಯಾವುದಕ್ಕೆ ಗೊತ್ತುಂಟಾ? ಸುಬಹ್ ನಮಾಜಿಗೆ ಕತ್ತಲಲ್ಲಿ ಎದ್ದು ಹೋಗುವಾಗ ಬಾಂಗಿನ ಹಿಂದೆ ಸಮುದ್ರದ ಸದ್ದು ಕೇಳುತ್ತದೆ. ಅದನ್ನು ಕೇಳಿಯೂ ನನಗೆ ಸಾಕಾಗದೆ, ಚಂದ್ರನಿಗೆ ಹೋದ ಒಬ್ಬ ಪರವೂರಿನವ ಬಂದು "ಹೌದು, ನಿನ್ನದು ಸರಿ" ಅನ್ನಬೇಕಿತ್ತಲ್ಲ ಅಂತ.

---

ಬೆಂದೂರಿನ_ಲವೀನಾ

ನಮ್ಮದನ್ನೂ ಸೇರಿಸಿಕೊಳ್ಳಿ. ಬೈಬಲಿನಲ್ಲಿ ಯೆಹೋಶುವನಿಗಾಗಿ ಸೂರ್ಯ ನಿಂತ ಪ್ರಸಂಗ ಉಂಟು. ನಾಸಾದ ಕಂಪ್ಯೂಟರುಗಳು ಗ್ರಹಗಳ ಲೆಕ್ಕ ಹಿಂದಕ್ಕೆ ಹಾಕುವಾಗ ಒಂದು ದಿನ ಕಡಿಮೆ ಬಂತು, ಅದು ಈ ದಿನವೇ ಎಂಬ ಕತೆ ನನ್ನ ಚಿಕ್ಕಮ್ಮ ಈಮೇಲ್ ಕಾಲದಿಂದ ಕಳಿಸುತ್ತಾ ಇದ್ದಾರೆ. ನಾಸಾ ಅದನ್ನು ಅಲ್ಲಗಳೆದು ಎಷ್ಟೋ ವರ್ಷ ಆಯಿತು.

---

ಸುಮಾ_ಶಿರಸಿ

ಅಲ್ಲಿಗೆ ಮೂರೂ ಮನೆಯವರು ಸಾಕ್ಷಿಗೆ ಕರೆದದ್ದು ಅಮೆರಿಕದವರನ್ನೇ! ತಿರುನಳ್ಳಾರಿನ ಶನೈಶ್ಚರ ದೇವಸ್ಥಾನದ ಮೇಲೆ ನಾಸಾ ಉಪಗ್ರಹ ಮೂರು ಸೆಕೆಂಡ್ ನಿಲ್ಲುತ್ತದೆ ಅಂತ ನಮ್ಮ ಅತ್ತೆಯವರಿಗೆ ಬಂದದ್ದನ್ನು ನಾನೇ ನೋಡಿದ್ದೇನೆ.

---

ಧಾರವಾಡದ_ಮಾಸ್ತರ

ಲವೀನಾ ಅವರ, ಆ ಕತಿ ಯಾಕ ಸಾಧ್ಯ ಇಲ್ಲ ಅನ್ನೂದನ್ನ ಹುಡುಗರಿಗೆ ಹೇಳಾಕ ಭಾಳ ಸರಳ ಐತ್ರಿ. ಕಂಪ್ಯೂಟರ್ ಇವತ್ತಿನ ಗ್ರಹಸ್ಥಿತಿಯಿಂದ ಹಿಂದಕ್ಕ ಲೆಕ್ಕಾ ಮಾಡ್ತದ. "ಒಂದ ದಿನ ಕಡಿಮಿ" ಅನಬೇಕಂದ್ರ ತಾಳೆ ನೋಡಾಕ ಆ ಕಾಲದ ಇನ್ನೊಂದು ಗಡಿಯಾರ ಬೇಕಲ್ಲ, ಅದು ಎಲ್ಲೈತಿ? ಇನ್ನ ಉಪಗ್ರಹ. ಭೂಮಿ ಹತ್ತರ ಸುತ್ತೂ ಉಪಗ್ರಹ ನಿಂತರ ಕೆಳಗ ಬೀಳ್ತದ. ಓಡಾಕತ್ತೇತಿ ಅಂತನ ಅದು ಮ್ಯಾಲೈತಿ.

---

ಪೂರ್ವಪಕ್ಷ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು ನಾನು. ಈಗ ಮೈಸೂರಿನಲ್ಲಿ ಪಾಠ ಹೇಳುತ್ತೇನೆ. ರಾಘು ಅವರ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ನಂಬಿಕೆಯನ್ನು ಎದುರಾಳಿಯ ಮುಂದೆ ಹೇಗೆ ಸಮರ್ಥಿಸಬೇಕು ಎಂಬುದಕ್ಕೇ ನಮ್ಮಲ್ಲಿ ಒಂದು ವಿದ್ಯೆ ಇದೆ.

ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ. ತತ್ತ್ವ ತಿಳಿಯಬೇಕೆಂದು ಇಬ್ಬರೂ ಕೂತು ಮಾತಾಡಿದರೆ ವಾದ. ಗೆಲ್ಲಲೇಬೇಕೆಂದು ಮಾತಾಡಿದರೆ ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದ್ದನ್ನು ಕೆಡವುವುದಷ್ಟೇ ಕೆಲಸವಾದರೆ ವಿತಂಡ. ಮಧ್ವಾಚಾರ್ಯರು ಇದಕ್ಕಾಗಿಯೇ ಕಥಾಲಕ್ಷಣ ಎಂಬ ಚಿಕ್ಕ ಗ್ರಂಥ ಬರೆದರು. ಇಂದು ಫೇಸ್‌ಬುಕ್ಕಿನಲ್ಲಿ ಧರ್ಮದ ಹೆಸರಲ್ಲಿ ನಡೆಯುವ ಜಗಳ ಬಹುಪಾಲು ಜಲ್ಪವೂ ಅಲ್ಲ, ವಿತಂಡ. "ನಿಮ್ಮಲ್ಲಿ ಅದಿಲ್ಲವೇ, ಇದಿಲ್ಲವೇ" ಎನ್ನುವುದರಲ್ಲೇ ಮುಗಿಯುತ್ತದೆ. ತನ್ನ ನಂಬಿಕೆ ಏನು ಎಂದು ಯಾರೂ ಒಂದು ವಾಕ್ಯ ಬರೆದಿರುವುದಿಲ್ಲ.

ಎರಡನೆಯದು ಪೂರ್ವಪಕ್ಷ. ನಾನು ಈ ಹೆಸರಿಟ್ಟುಕೊಂಡದ್ದು ಅದಕ್ಕೇ. ಖಂಡಿಸುವ ಮೊದಲು ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಬಲವಾಗಿ ನಿರೂಪಿಸಬೇಕು. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯ ಯಾವುದು ಗೊತ್ತೇ? ಚಾರ್ವಾಕ. ದೇವರು, ಪರಲೋಕ, ವೇದ ಯಾವುದನ್ನೂ ಒಪ್ಪದವರ ದರ್ಶನ. ಚಾರ್ವಾಕರ ಮೂಲಗ್ರಂಥಗಳು ನಮಗೆ ಉಳಿದು ಬಂದಿಲ್ಲ. ಅವರನ್ನು ನಾವು ಇಂದು ಬಹುಮಟ್ಟಿಗೆ ಬಲ್ಲದ್ದು ಅವರನ್ನು ಖಂಡಿಸಿದ ಆಸ್ತಿಕರ ಪುಸ್ತಕಗಳಿಂದ. ಲವೀನಾ ಅವರಿಗೂ ಇಂಥದ್ದೇ ಒಂದು ಗೊತ್ತಿರಬಹುದು: ಕ್ರೈಸ್ತಮತವನ್ನು ಟೀಕಿಸಿದ ಸೆಲ್ಸಸ್‌ನ ಬರಹ ನಮಗೆ ಸಿಗುವುದು ಅವನಿಗೆ ಉತ್ತರ ಬರೆದ ಒರಿಜೆನ್ ಅವನ ಮಾತುಗಳನ್ನು ಎತ್ತಿ ಬರೆದುಕೊಂಡದ್ದರಿಂದ.

ಇನ್ನು ಮಾಧ್ವ–ಅದ್ವೈತ ವಾದವನ್ನೇ ನೋಡಿ. ಮಾಧ್ವರಾದ ವ್ಯಾಸತೀರ್ಥರು ನ್ಯಾಯಾಮೃತ ಬರೆದರು. ಅದಕ್ಕೆ ಅದ್ವೈತಿಗಳಾದ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಒಂದೊಂದು ಮಾತಿಗೂ ಉತ್ತರ ಕೊಟ್ಟರು. ಸಿದ್ಧಿಗೆ ರಾಮಾಚಾರ್ಯರ ತರಂಗಿಣಿ, ತರಂಗಿಣಿಗೆ ಬ್ರಹ್ಮಾನಂದರ ಚಂದ್ರಿಕೆ. ತಲೆಮಾರುಗಳು ಕಳೆದವು. ಎದುರಾಳಿಯ ಪುಸ್ತಕವನ್ನು ಪೂರ್ತಿ ಓದದೆ ಯಾರೂ ಉತ್ತರ ಬರೆಯಲಿಲ್ಲ. ನಾವು ಎದುರಿನವನ ಪೋಸ್ಟನ್ನು ಕೊನೆಯ ತನಕ ಓದುತ್ತೇವೆಯೇ?

ಮೂರನೆಯದೇ ಮುಖ್ಯ. ಪ್ರತ್ಯಕ್ಷ (ಇಂದ್ರಿಯಕ್ಕೆ ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು), ಆಗಮ (ವೇದಾದಿ ಶಾಸ್ತ್ರ) ಎಂದು ಮಧ್ವರು ಮೂರು ಪ್ರಮಾಣ, ಅಂದರೆ ತಿಳಿಯುವ ದಾರಿ, ಹೇಳಿದರು. ಧರ್ಮ, ಬ್ರಹ್ಮ ಇಂಥವು ಇಂದ್ರಿಯಕ್ಕೆ ಸಿಗುವುದಿಲ್ಲ, ಅದಕ್ಕೆ ಆಗಮವೇ ಗತಿ ಎಂಬುದು ನಮ್ಮವರ ನಿಲುವು. ಈ ನಿಲುವನ್ನು ಒಪ್ಪದಿರಬಹುದು, ಆದರೆ ಇದು ಒಂದು ನಿಲುವು. "ವೇದ ನಿಜ, ಯಾಕೆಂದರೆ ಲ್ಯಾಬಿನಲ್ಲಿ ಹಾಗೆ ಬಂತು" ಎಂದ ಕೂಡಲೇ ಏನಾಯಿತು? ನಿಮ್ಮ ಪ್ರಮಾಣ ಲ್ಯಾಬು, ವೇದವಲ್ಲ. ನಾಳೆ ಲ್ಯಾಬು ಬೇರೆ ಹೇಳಿದರೆ ವೇದವನ್ನು ಬಿಡುತ್ತೀರಾ? ಆ ಫಾರ್ವರ್ಡ್ ಬರೆದವನು ವೇದದ ಪರ ನಿಂತ ಹಾಗೆ ಕಂಡರೂ, ವೇದದ ಪೀಠವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದಾನೆ.

---

ಗವಿಪುರದ_ರಾಘು

ಆಚಾರ್ಯರೇ, ಕೊನೆಯ ಪ್ಯಾರಾ ನಾಲ್ಕು ಸಲ ಓದಿದೆ. ನನಗೆ ಅನ್ನಿಸುತ್ತಾ ಇದ್ದದ್ದು ಇದೇ, ಹೇಳೋಕೆ ಬರ್ತಿರಲಿಲ್ಲ.

---

ಪ್ರಶ್ನೆ_ಕೇಳುವವ

ನಾನು ನಂಬದವನು. ರಾಘು ಅವರು ಕರೆದದ್ದಕ್ಕೆ ಬರೆಯುತ್ತಿದ್ದೇನೆ.

ಪೂರ್ವಪಕ್ಷ ಅವರ ಮಾತಿನಲ್ಲಿ ನನಗೊಂದು ಭಯವಿದೆ. "ಇದು ಇಂದ್ರಿಯಕ್ಕೆ ಸಿಗುವುದಿಲ್ಲ, ಆಗಮವೇ ಗತಿ" ಎಂದರೆ ಎಲ್ಲ ಪರೀಕ್ಷೆಯಿಂದ ಪಾರಾದಂತೆ ಅಲ್ಲವೇ? ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಕೇಳಿದರು. ಒಪ್ಪಿಗೆ ಬರಲಿಲ್ಲ. ಆಗಲೂ ಭಕ್ತರ ಉತ್ತರ ಇದೇ ಆಗಿತ್ತು: ಇದು ನಿಮ್ಮ ವಿಜ್ಞಾನಕ್ಕೆ ನಿಲುಕುವುದಲ್ಲ ಎಂದು. ಅದೇ 1976ರ ಸಂವಿಧಾನ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂದು ಸೇರಿತು. ಗಾಳಿಯಿಂದ ಬೂದಿ ಬರಿಸುತ್ತೇನೆ ಎನ್ನುವುದು ಅತೀಂದ್ರಿಯವಲ್ಲ, ಕಣ್ಣೆದುರಿನ ಮಾತು. ಅದನ್ನು ಪರೀಕ್ಷಿಸಬಾರದೇಕೆ?

ಮಡೆಸ್ನಾನದ (ಉಂಡೆದ್ದವರ ಎಂಜಲೆಲೆಗಳ ಮೇಲೆ ಉರುಳುವ ಹರಕೆಯ) ಬಗ್ಗೆ ಆನ್‌ಲೈನಿನಲ್ಲಿ ಬರೆದಾಗ ನನಗೆ ಬಂದ ಉತ್ತರಗಳಲ್ಲಿ ಬೈಗುಳವೇ ಹೆಚ್ಚು. ಎಂಜಲೆಲೆಯಲ್ಲಿ ಔಷಧೀಯ ಗುಣವಿದೆ ಎಂಬ "ವಿಜ್ಞಾನ"ವೂ ಬಂತು. ಉರುಳುತ್ತಿದ್ದವರು ಯಾರು, ಉಂಡೆದ್ದವರು ಯಾರು ಎಂಬ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

---

ಪೂರ್ವಪಕ್ಷ

ನಿಮ್ಮ ಮೊದಲ ಪ್ರಶ್ನೆಗೆ: ಪರೀಕ್ಷಿಸಬಹುದು, ಪರೀಕ್ಷಿಸಬೇಕು. ಪ್ರತ್ಯಕ್ಷದ ವಿಷಯದಲ್ಲಿ ಪ್ರತ್ಯಕ್ಷವೇ ದೊಡ್ಡದು ಎಂದು ಮಧ್ವಮತ ಬಹಳ ಗಟ್ಟಿಯಾಗಿ ಹೇಳುತ್ತದೆ. ಕಣ್ಣೆದುರು ನಡೆಯಿತು ಎನ್ನುವವನು ಕಣ್ಣಿನ ಪರೀಕ್ಷೆಯಿಂದ ಓಡಬಾರದು. ಆಗಮದ ಮರೆಯಲ್ಲಿ ಕೈಚಳಕವನ್ನು ಅಡಗಿಸುವುದು ಆಗಮಕ್ಕೆ ಮಾಡುವ ದ್ರೋಹ.

---

ಸುಮಾ_ಶಿರಸಿ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಮಡೆಸ್ನಾನದ ಚರ್ಚೆ ನಡೆಯುವಾಗ ನಾನೂ ಮೊದಲು ಸಮರ್ಥನೆ ಮಾಡಿದವಳೇ. "ಅವರವರ ಇಷ್ಟ, ಹರಕೆ" ಅಂತ. ಆಮೇಲೆ ನನ್ನನ್ನೇ ಕೇಳಿಕೊಂಡೆ, ನನ್ನ ಮಗನನ್ನು ಆ ಎಲೆಗಳ ಮೇಲೆ ಉರುಳಿಸುತ್ತೇನಾ? ಇಲ್ಲ. ಹಾಗಾದರೆ ಇನ್ನೊಬ್ಬರ ಮಗ ಉರುಳುವುದನ್ನು ಭಕ್ತಿ ಅಂತ ಸಮರ್ಥಿಸುವ ಹಕ್ಕು ನನಗೆ ಎಲ್ಲಿಂದ ಬಂತು? ಅವತ್ತು ಬರೆದದ್ದನ್ನು ಅಳಿಸಲಿಲ್ಲ, ಕೆಳಗೆ "ನಾನು ತಪ್ಪು ಹೇಳಿದ್ದೆ" ಅಂತ ಸೇರಿಸಿದೆ. 2017ರ ರಾಜ್ಯದ ಕಾಯ್ದೆಯಲ್ಲಿ ಅದು ನಿಷೇಧವಾಯಿತು. ಧರ್ಮವೇ ಹೋಯಿತು ಅಂತ ಆಗ ಬೊಬ್ಬೆ ಎದ್ದಿತ್ತು. ಅದೇ ಕಾಯ್ದೆ ಪೂಜೆ, ಪ್ರದಕ್ಷಿಣೆ, ಹರಿಕಥೆ, ಭಜನೆ ಯಾವುದನ್ನೂ ಮುಟ್ಟಿಲ್ಲ.

ಇನ್ನೊಬ್ಬರ ಮೈಗೆ, ಮಾನಕ್ಕೆ ತಾಗುವಲ್ಲಿ ನಂಬಿಕೆ ಉತ್ತರ ಕೊಡಲೇಬೇಕು. ನನ್ನ ತುಳಸಿಕಟ್ಟೆಗೆ ನಾನು ಸುತ್ತು ಬರುವುದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ, ತುಳಸಿ ಇಪ್ಪತ್ತನಾಲ್ಕು ಗಂಟೆ ಆಮ್ಲಜನಕ ಬಿಡುತ್ತದೆ ಅಂತ ಸುಳ್ಳು ಹೇಳಬೇಕಾಗಿಯೂ ಇಲ್ಲ.

---

ಮೂಡುಬಿದಿರೆ_ಪದ್ಮ

ಇಷ್ಟು ಹೊತ್ತು ಸುಮ್ಮನೆ ಓದುತ್ತಾ ಇದ್ದೆ. ಸುಮಕ್ಕನ ಮಾತು ಕೇಳಿ ಬರೆಯುವ ಧೈರ್ಯ ಬಂತು.

2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನ (ಅನ್ನ ನೀರು ಬಿಡುತ್ತಾ ದೇಹ ತ್ಯಜಿಸುವ ನಮ್ಮ ಜೈನರ ವ್ರತ) ಆತ್ಮಹತ್ಯೆಗೆ ಸಮ ಎಂದು ತೀರ್ಪು ಕೊಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಡುವಿನ ಆ ದಿನಗಳಲ್ಲಿ ಆನ್‌ಲೈನಿನಲ್ಲಿ ನಾವು ಜೈನರು ಕೇಳಿದ ಮಾತು ಒಂದೆರಡಲ್ಲ. "ನಿಮ್ಮ ಮುದುಕರನ್ನು ಉಪವಾಸ ಹಾಕಿ ಕೊಲ್ಲುತ್ತೀರಿ" ಎಂದು ಗೊತ್ತಿಲ್ಲದವರೂ ಬರೆದರು. ನಾನು ಮೊದಲು ಮಾಡಿದ್ದೇನು? ಉಪವಾಸದಿಂದ ಜೀವಕೋಶ ಶುದ್ಧಿಯಾಗುತ್ತದೆ ಎಂಬ ಲೇಖನಗಳನ್ನು ಹುಡುಕಿ ಹುಡುಕಿ ಅಂಟಿಸಿದೆ. ಒಬ್ಬ ಡಾಕ್ಟರು ಬಂದು, "ಅಮ್ಮಾ, ಇದು ಹದಿನಾರು ಗಂಟೆ ಉಪವಾಸದ ವಿಷಯ, ಅನ್ನ ನೀರು ಬಿಟ್ಟು ದೇಹ ತ್ಯಜಿಸುವುದಕ್ಕೂ ಇದಕ್ಕೂ ಏನು ಸಂಬಂಧ?" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಅವತ್ತು ರಾತ್ರಿ ಎಲ್ಲ ಅಳಿಸಿ ನನ್ನ ಅಜ್ಜಿಯ ಬಗ್ಗೆ ಬರೆದೆ. ಅಜ್ಜಿಗೆ 91. ಕಾಯಿಲೆ ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿಯಾಗಿತ್ತು. ಅವರೇ ಗುರುಗಳನ್ನು ಕರೆಸಿ ಕೇಳಿಕೊಂಡರು. ಗುರುಗಳು ಕೂಡಲೇ ಒಪ್ಪಲಿಲ್ಲ, ಮನೆಯವರನ್ನೆಲ್ಲ ಕೂರಿಸಿ ಕೇಳಿದರು. ಒಂದೊಂದೇ ಆಹಾರ ಬಿಡುತ್ತಾ ಬಂದರು. ಎಲ್ಲರಿಂದ ಕ್ಷಮೆ ಕೇಳಿದರು, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿಕೊಂಡರು. ಕೊನೆಗೆ ಣಮೋಕಾರ ಮಂತ್ರ ಕೇಳುತ್ತಾ ಹೋದರು. ನನಗೆ ಆಗ ಹದಿನೇಳು. ಹೆದರಿಕೆ ಆಗಿತ್ತು ಎಂಬುದನ್ನೂ ಬರೆದೆ. ಇದನ್ನು ಯಾರ ಮೇಲೂ ಹೇರಬಾರದು, ಹೇರಿದರೆ ಅದು ಸಲ್ಲೇಖನವೇ ಅಲ್ಲ ಎಂದೂ ಬರೆದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋದರೆ ಏಳನೇ ಶತಮಾನದಿಂದಲೂ ಹೀಗೆ ದೇಹ ಬಿಟ್ಟವರ ಹೆಸರು ಬಂಡೆಯ ಮೇಲೆ ಕನ್ನಡದಲ್ಲೇ ಇದೆ, ನೋಡಿ ಬನ್ನಿ ಎಂದೆ.

ಆ ಡಾಕ್ಟರು ಮತ್ತೆ ಬರೆದರು. "ನಾನು ಈಗಲೂ ಒಪ್ಪುವುದಿಲ್ಲ. ಆದರೆ ಐಸಿಯುನಲ್ಲಿ ನಾನು ನೋಡುವ ಸಾವುಗಳನ್ನು ನೆನೆದುಕೊಂಡು ಇದನ್ನು ಎರಡು ಸಲ ಓದಿದೆ." ನನಗೆ ಅಷ್ಟು ಸಾಕಾಗಿತ್ತು.

---

ಪ್ರಶ್ನೆ_ಕೇಳುವವ

ಪದ್ಮ ಅವರೇ, ನಾನೂ ಒಪ್ಪುವುದಿಲ್ಲ. ಮನೆಯ ಹಿರಿಯರು ತಾವು ಹೊರೆ ಎಂದುಕೊಂಡು "ಸ್ವಇಚ್ಛೆ" ಎನ್ನುವ ಅಪಾಯ ನನ್ನನ್ನು ಕಾಡುತ್ತದೆ. ಆದರೆ ಈ ವಿಷಯದಲ್ಲಿ ನಾನು ಓದಿದ ಮೊದಲ ಪ್ರಾಮಾಣಿಕ ಮಾತು ನಿಮ್ಮದು. ಇಂಥ ಉತ್ತರ ಬಂದರೆ ನನ್ನಂಥವರ ಪ್ರಶ್ನೆಯ ಧಾಟಿಯೂ ಬದಲಾಗುತ್ತದೆ.

---

ಧರ್ಮೋ_ರಕ್ಷತಿ

ಎಲ್ಲ ಸರಿ. ಪ್ರಶ್ನೆ ಕೇಳುವವರಿಗೆ ಹೀಗೆ ಉತ್ತರ ಕೊಡೋಣ. ಆದರೆ ಪ್ರಶ್ನೆಯೇ ಅಲ್ಲದ, ಬರೀ ಗಾಯ ಮಾಡೋಕೆ ಬರೆದದ್ದಕ್ಕೆ? ಅದಕ್ಕೂ ಅಜ್ಜಿ ಕತೆ ಹೇಳೋದಾ?

---

ಕರಾವಳಿ_ನಜೀರ್

ಅದಕ್ಕೆ ನಾನು ಹೇಳಬೇಕು, ಹೇಳುವುದು ಕಷ್ಟ ಆದರೂ.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಪ್ರವಾದಿಯವರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬಂದ ಒಂದು ಕೆಟ್ಟ ಪೋಸ್ಟು. ಆ ಪೋಸ್ಟು ನನಗೂ ನೋವು ಮಾಡಿತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಉತ್ತರ ಅಂತ ಮನೆ ಸುಟ್ಟರು, ಪೊಲೀಸ್ ಸ್ಟೇಷನ್ನಿಗೆ ಬೆಂಕಿ ಹಾಕಿದರು, ಗೋಲಿಬಾರಿನಲ್ಲಿ ನಮ್ಮದೇ ಹುಡುಗರು ಸತ್ತರು. ದೂರು ಕೊಡುವ ದಾರಿ ಇತ್ತು. ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡಿದರೆ ಶಿಕ್ಷೆ ಎಂಬ ಕಾನೂನು 1927ರಿಂದ ಉಂಟು. ಪ್ರವಾದಿಯವರ ಮೇಲೆ ಕಸ ಎಸೆದವರ ಕತೆ, ತಾಯಿಫ್ ಊರಿನಲ್ಲಿ ಕಲ್ಲು ಹೊಡೆದವರ ಕತೆ ನಾವು ಮದರಸದಲ್ಲಿ ಕಲಿತದ್ದು. ಆ ಕಲ್ಲು ತಿಂದೂ ಅವರು ಸೇಡು ಬಯಸದೆ ಕ್ಷಮಿಸಿದರು ಎಂಬುದನ್ನೂ ಕಲಿತಿದ್ದೆವು. ಅವರ ಹೆಸರಲ್ಲಿ ಬೀದಿಗೆ ಬಂದವರಿಗೆ ಆ ಪಾಠ ನೆನಪಾಗಲಿಲ್ಲ.

ಅದೇ ರಾತ್ರಿ ಅದೇ ಪ್ರದೇಶದಲ್ಲಿ ಕೆಲವು ಮುಸ್ಲಿಂ ಹುಡುಗರು ಆಂಜನೇಯನ ಗುಡಿಯ ಸುತ್ತ ಕೈ ಕೈ ಹಿಡಿದು ನಿಂತರು, ಗುಂಪು ಹತ್ತಿರ ಬಾರದ ಹಾಗೆ. ಆ ವಿಡಿಯೋ ನೀವೂ ನೋಡಿರಬಹುದು. ನನ್ನ ಮಗ "ನಮ್ಮ ದೀನನ್ನು (ಧರ್ಮವನ್ನು) ಅವತ್ತು ಕಾಪಾಡಿದವರು ಯಾರು ಅಬ್ಬಾ?" ಅಂತ ಕೇಳಿದರೆ ನಾನು ತೋರಿಸುವುದು ಆ ಹುಡುಗರನ್ನು.

---

ಧರ್ಮೋ_ರಕ್ಷತಿ

ನಜೀರ್ ಅವರೇ, ನೀವು ಇದನ್ನು ಇಲ್ಲಿ ಬರೀತೀರಿ ಅಂತ ನಾನು ಅಂದ್ಕೊಂಡಿರಲಿಲ್ಲ. ಕೈಮುಗಿದೆ.

ನನ್ನದು ನಾನು ಹೇಳ್ತೀನಿ. ಬೈದವರಿಗೆ ಬೈದು ಬರೆದ ರಾತ್ರಿಗಳಲ್ಲಿ ನನಗೆ ಜಪಕ್ಕೆ ಕೂರೋಕೆ ಆಗ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅವರ ಪ್ರೊಫೈಲ್ ಫೋಟೋ ಬರೋದು. ಯಾವ ದೇವರಿಗಾಗಿ ಹೊಡೆದಾಡಿದೆನೋ ಆ ದೇವರ ಮುಂದೆ ಹತ್ತು ನಿಮಿಷ ಕೂರೋಕೆ ಆಗ್ತಿರಲಿಲ್ಲ. ಈಗ ಅಂಥವರನ್ನು ಬ್ಲಾಕ್ ಮಾಡ್ತೀನಿ, ಮಿತಿ ಮೀರಿದರೆ ದೂರು ಕೊಡ್ತೀನಿ. ಸುಮ್ಮನಿರೋದನ್ನು ಇನ್ನೂ ಕಲೀತಾ ಇದ್ದೀನಿ.

ಒಂದು ಮಾತ್ರ ಕೇಳಬೇಕು. ರಾಘು ಅವರೇ, ನೀವು ಗವಿಪುರದವರು. ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರನ ಮೇಲೆ ಸೂರ್ಯಕಿರಣ ಬೀಳುತ್ತಲ್ಲ, ಅದನ್ನೂ ಸುಳ್ಳಿನ ಪಟ್ಟಿಗೆ ಸೇರಿಸಿಬಿಡ್ತೀರಾ?

---

ಗವಿಪುರದ_ರಾಘು

ಇಲ್ಲ 🙏 ಅದನ್ನು ನಾನು ಬಾಲ್ಯದಿಂದ ನೋಡ್ತಾ ಬಂದಿದ್ದೀನಿ. ಸಂಜೆ ಐದೂಕಾಲರ ಆಸುಪಾಸಿನಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಗುಹೆಯೊಳಗೆ ಹೋಗಿ ಲಿಂಗವನ್ನು ಮುಟ್ಟುತ್ತೆ. ಕೆಲವೇ ನಿಮಿಷ. ಈಗ ಜನ ಜಾಸ್ತಿ, ಹೊರಗೆ ಸ್ಕ್ರೀನ್ ಹಾಕಿ ತೋರಿಸ್ತಾರೆ. ಮೋಡ ಮುಚ್ಚಿದ ವರ್ಷ "ಏನೋ ಕೇಡು ಕಾದಿದೆ" ಅಂತ ಟಿವಿಯವರು ಹೆದರಿಸಿದ್ದೂ ಉಂಟು. ಮೋಡ ಅಂದ್ರೆ ಮೋಡ ಅಷ್ಟೇ ಅಂತ ನಮ್ಮ ಅಜ್ಜ ಹೇಳ್ತಿದ್ದರು.

---

ನಕ್ಷತ್ರ_ವೀಕ್ಷಕಿ

ಇದಕ್ಕಾಗಿಯೇ ಇವತ್ತು ಲಾಗಿನ್ ಆದೆ. ನಾನು ಹವ್ಯಾಸಿ ಆಕಾಶ ವೀಕ್ಷಕಿ, ಗವಿ ಗಂಗಾಧರೇಶ್ವರ ನನ್ನ ಮೆಚ್ಚಿನ ಜಾಗ.

ಸೂರ್ಯ ಮುಳುಗುವ ಜಾಗ ವರ್ಷವಿಡೀ ದಿಗಂತದ ಮೇಲೆ ತೆಂಕಕ್ಕೂ ಬಡಗಕ್ಕೂ ಓಲಾಡುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ತೆಂಕಣ ತುದಿ ಮುಟ್ಟಿ ಹಿಂದಿರುಗುತ್ತದೆ. ಅಂದಮೇಲೆ ತುದಿ ಬಿಟ್ಟು ಬೇರೆ ಯಾವುದೇ ಜಾಗವನ್ನು ವರ್ಷಕ್ಕೆ ಎರಡು ಸಲ ದಾಟಲೇಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಜನವರಿ ಮಧ್ಯದಲ್ಲಿ ಕಿರಣ ಲಿಂಗಕ್ಕೆ ಬೀಳುತ್ತದೆ ಎಂದರೆ ನವೆಂಬರ್ ಕೊನೆಯಲ್ಲೂ ಬೀಳಬೇಕು. ಬೆಂಗಳೂರಿನ ಖಗೋಳಾಸಕ್ತರು ಅಲ್ಲಿ ಕೂತು ನೋಡಿ, ಅಳೆದು, ಹಾಗೇ ಆಗುತ್ತದೆ ಎಂದು ಪ್ರಕಟಿಸಿದ್ದಾರೆ. ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ. 18ನೇ ಶತಮಾನದ ಕೊನೆಯಲ್ಲಿ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಕಾರರು ಬರೆದ ಚಿತ್ರದಲ್ಲಿ ಗುಡಿಯ ಮುಂದೆ ಈಗಿನಷ್ಟು ಕಟ್ಟಡವಿಲ್ಲ. ಆಗ ಕಿರಣ ಬೀಳುತ್ತಿದ್ದ ಕಾಲವೇ ಬೇರೆ ಇತ್ತು ಎಂದೂ ಅದೇ ಅಧ್ಯಯನ ಹೇಳುತ್ತದೆ.

ಸಂಕ್ರಾಂತಿಯ ದಿನ ಸಾವಿರಾರು ಜನ. ನವೆಂಬರಿನಲ್ಲಿ ಯಾರೂ ಇರುವುದಿಲ್ಲ. ಬೆಳಕು ಅದೇ.

---

ಗವಿಪುರದ_ರಾಘು

ನಲವತ್ತೆಂಟು ವರ್ಷದಿಂದ ಆ ಬೀದಿಯಲ್ಲೇ ಇದ್ದೀನಿ, ಇದು ಗೊತ್ತಿರಲಿಲ್ಲ. ಮಗಳಿಗೆ ನಿಮ್ಮ ಪೋಸ್ಟ್ ತೋರಿಸಿದೆ. ಪೆನ್ಸಿಲ್ ತಗೊಂಡು ಚಿತ್ರ ಬರೆದು, "ಸರಿ ಅಪ್ಪ, ಎರಡು ಸಲ ಆಗಲೇಬೇಕು" ಅಂದಳು. ಆಮೇಲೆ ಒಂದು ಮಾತು ಕೇಳಿದಳು: ನವೆಂಬರಿನಲ್ಲೂ ಐದೂಕಾಲಕ್ಕೇ ಬೀಳುತ್ತಾ?

ಇನ್ನೊಂದು ಹೇಳಬೇಕು. ನಿನ್ನೆ ರಾತ್ರಿ ನಮ್ಮ ತಂದೆ ತೀರಿಕೊಂಡ ವರ್ಷದ ವಿಷಯ, ಗಾಯತ್ರಿ ವಿಷಯ ಅವಳಿಗೆ ಹೇಳಿದೆ. ಏನೂ ಮಾತಾಡಲಿಲ್ಲ. ಬೆಳಿಗ್ಗೆ ನಾನು ಜಪಕ್ಕೆ ಕೂತಾಗ ಪಂಚಪಾತ್ರೆಗೆ ನೀರು ತುಂಬಿಸಿ ತಂದಿಟ್ಟು ಹೋದಳು.

ಮೂರು ಗ್ರೂಪಿನಲ್ಲೂ "ನಾನು ಕಳಿಸಿದ್ದು ಸುಳ್ಳು, ನೋಡದೆ ಕಳಿಸಿದೆ, ಕ್ಷಮಿಸಿ" ಅಂತ ಹಾಕಿದ್ದೀನಿ. ಒಬ್ಬ ಚಿಕ್ಕಪ್ಪ ಸಿಟ್ಟಾಗಿದ್ದಾರೆ.

---

ನಕ್ಷತ್ರ_ವೀಕ್ಷಕಿ

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಇಲ್ಲ, ಸುಮಾರು ಇಪ್ಪತ್ತು ನಿಮಿಷ ಮೊದಲು. ನಮ್ಮ ಗಡಿಯಾರಕ್ಕೆ ಹೋಲಿಸಿದರೆ ಸೂರ್ಯ ನವೆಂಬರ್ ಕೊನೆಯಲ್ಲಿ ಮುಂದಿರುತ್ತಾನೆ, ಜನವರಿಯಲ್ಲಿ ಹಿಂದೆ ಬಿದ್ದಿರುತ್ತಾನೆ. ನಾಲ್ಕೂವರೆಗೇ ಹೋಗಿ ಕೂತಿರಿ.

---

ಧರ್ಮೋ_ರಕ್ಷತಿ

ನಾನು ಹನುಮಂತನಗರದಲ್ಲೇ ಇರೋದು. ನವೆಂಬರ್ 28ಕ್ಕೆ ಬರಲಾ?

---

ಗವಿಪುರದ_ರಾಘು

ಬನ್ನಿ. ನಾಲ್ಕೂವರೆಗೆ ಗುಡಿ ಮುಂದಿನ ಸೂರ್ಯಪಾನದ ಕಲ್ಲುಚಕ್ರದ ಹತ್ತಿರ ನಿಂತಿರ್ತೀವಿ. ಕಾಫಿ ನಮ್ಮ ಮನೇಲಿ.

---

ಕರಾವಳಿ_ನಜೀರ್

ಮೋಡ ಇಲ್ಲದಿದ್ದರೆ ಫೋಟೋ ಹಾಕಿ ಮಾರಾಯ್ರೆ. ಮೋಡ ಇದ್ದರೆ ಮೋಡದ್ದೂ ಹಾಕಿ.